‘ಒರಟು’ ಪದಕ್ಕೆ ವಿರುದ್ಧ ಏನು? ಎಲ್ಲ ಕಡೆ ‘ನಯ’ ಅಂತ ಬರೆದರೆ ನಡೆಯುತ್ತಾ?

ಮಳಿಗೆಬರಹ (ಪ್ರಶ್ನೆ)

ಕರ್ನಾಟಕದ ಕೈಕಸುಬಿನ ಸಾಮಾನು ಮಾರುವ ಮಳಿಗೆಯೊಂದಕ್ಕೆ ಕನ್ನಡದಲ್ಲಿ ಎರಡು ಬರಹ ಬೇಕಾಗಿದೆ. ಒಂದು, ಸಾಮಾನಿಗೆ ಕಟ್ಟುವ ಚೀಟಿಗಳು: ಚನ್ನಪಟ್ಟಣದ ಬೊಂಬೆ, ಕಸೂತಿ ಹಾಕಿದ ಇಳಕಲ್ ಸೀರೆ, ಬಿದರಿ ಹೂಜಿ, ಖಾದಿ, ಕಂಬಳಿ. ಚೀಟಿಯಲ್ಲಿ ಮೂರು ಸಾಲಿಗಿಂತ ಹೆಚ್ಚು ಜಾಗ ಇಲ್ಲ. ಇನ್ನೊಂದು, ಕೌಂಟರಿನಲ್ಲಿ ನಿಲ್ಲುವವರಿಗೆ ಒಂದು ಸಣ್ಣ ಕೈಪಿಡಿ: ಗಿರಾಕಿಗಳ ಹತ್ತಿರ ಹೇಗೆ ಮಾತಾಡಬೇಕು ಅನ್ನೋದರ ಬಗ್ಗೆ.

ಎರಡರಲ್ಲೂ ತೊಡಕು ಒಂದೇ. ‘ಒರಟಲ್ಲದ್ದು’ ಅಂತ ಹೇಳಬೇಕಾದ ಕಡೆಯೆಲ್ಲ ‘ನಯ’ವೇ ಬಂದು ಕೂರುತ್ತಿದೆ. ಶಾಲೆಯ ವಿರುದ್ಧಪದಗಳ ಪಟ್ಟಿಯಲ್ಲೂ ಒರಟು × ನಯ ಅಂತಲೇ ಕಲಿತದ್ದು. ಸದ್ಯದ ಕರಡು ಹೀಗಿದೆ:

– ನಯವಾದ, ನಾಜೂಕಾದ ಚನ್ನಪಟ್ಟಣದ ಬೊಂಬೆ. ಮಕ್ಕಳಿಗೆ ಸೂಕ್ತ.
– ನಯವಾದ ಕಸೂತಿಯಿಂದ ಅಲಂಕರಿಸಲ್ಪಟ್ಟ ಸೀರೆ.
– ನಯವಾದ ಕೆತ್ತನೆಯ ಬಿದರಿ ಹೂಜಿ.
– ನಯವಾದ ಖಾದಿ.
– ಗ್ರಾಹಕರೊಂದಿಗೆ ನಯವಾಗಿ ಮಾತನಾಡಿ. ಸೌಜನ್ಯತೆಯೇ ನಮ್ಮ ಗುರುತು.
– ದಯವಿಟ್ಟು ವಸ್ತುಗಳನ್ನು ಮುಟ್ಟುವುದನ್ನು ನಿಷೇಧಿಸಲಾಗಿದೆ.

ಯಾವ ಕಡೆ ಯಾವ ಪದ, ಯಾಕೆ ಅಂತ ಬಲ್ಲವರು ಬಿಡಿಸಿ ಹೇಳಿ. ಪಂಡಿತರ ಪದ ಬೇಡ, ಅಂಗಡಿಗೆ ಬಂದವರಿಗೆ ಓದಿದ ತಕ್ಷಣ ತಿಳಿಯಬೇಕು.

ಕರಡುಕೋಲು

ಮೊದಲು ‘ಒರಟು’ ಯಾವುದಕ್ಕೆ ಅಂಟಿದೆ ನೋಡಿ. ಕನ್ನಡದಲ್ಲಿ ಕಲ್ಲೂ ಒರಟು, ಕೆಲಸವೂ ಒರಟು, ಮನುಷ್ಯನೂ ಒರಟು. ಮೂರಕ್ಕೂ ಒಂದೇ ಪದ ಸಾಕಾಗಿದೆ. ವಿರುದ್ಧ ದಿಕ್ಕಿಗೆ ಹೊರಟಾಗ ದಾರಿ ಮೂರಾಗುತ್ತೆ. ಹಾಗಾಗಿ ಪದ ಆರಿಸುವಾಗ ಅದನ್ನು ‘ಕಲ್ಲು’, ‘ಕೆಲಸ’, ‘ಮನುಷ್ಯ’ ಈ ಮೂರರ ಹಿಂದೆ ಇಟ್ಟು ಗಟ್ಟಿಯಾಗಿ ಓದಿ. ಎಲ್ಲಿ ನಗು ಬರುತ್ತೋ ಅಲ್ಲಿ ಆ ಪದ ಬೇಡ.

‘ನುಣುಪು’, ‘ನುಣ್ಣಗೆ’ ಮೈಗೆ ಮಾತ್ರ ಸಲ್ಲುತ್ತವೆ. ನುಣುಪು ಕಲ್ಲು, ನುಣ್ಣಗೆ ಬೀಸಿದ ಹಿಟ್ಟು. ಮನುಷ್ಯನ ಸುದ್ದಿಗೆ ಬಂದರೆ ಕೆಟ್ಟಿತು: ‘ತಲೆ ನುಣ್ಣಗೆ ಬೋಳಿಸಿದ’ ಅಂದರೆ ಟೋಪಿ ಹಾಕಿದ ಅಂತ. ಗಾದೆಯ ದೂರದ ಬೆಟ್ಟ ನುಣ್ಣಗಿರುವುದೂ ಹೊಗಳಿಕೆಗಲ್ಲ.

‘ನಯ’ ಮೂರಕ್ಕೂ ಹೋಗುತ್ತೆ, ಕಷ್ಟ ಇರುವುದೇ ಅಲ್ಲಿ. ಸಂಸ್ಕೃತದಲ್ಲಿ ನಯ ಅಂದರೆ ನೀತಿ, ಒಳ್ಳೆಯ ನಡತೆ. ನಮ್ಮಲ್ಲಿ ಮುಟ್ಟಿದರೆ ಸಿಗುವ ನುಣುಪಿಗೂ ಅದೇ ಪದ ನಿಂತಿತು. ವಸ್ತುವಿಗೆ ಹಚ್ಚಿದರೆ ತಕರಾರಿಲ್ಲ. ಮಾತಿಗೆ ಹಚ್ಚಿದರೆ ಗುಮಾನಿ ಶುರು: ನಯವಾಗಿ ಜಾರಿಕೊಂಡ, ನಯವಾಗಿ ಕೈ ತೊಳೆದುಕೊಂಡ, ನಯವಂಚಕ. ‘ಗ್ರಾಹಕರೊಂದಿಗೆ ನಯವಾಗಿ ಮಾತನಾಡಿ’ ಅಂತ ಕೈಪಿಡಿಯಲ್ಲಿ ಅಚ್ಚಾದರೆ, ಅದನ್ನು ಓದುವ ಹುಡುಗನಿಗೆ ಸಾಮಾನು ದಾಟಿಸುವ ಉಪಾಯ ಹೇಳಿಕೊಟ್ಟ ಹಾಗೆ ಕೇಳುತ್ತೆ. ‘ನಯವಿನಯ’ ಅಂತ ಜೋಡಿಯಾಗಿ ಬಂದಾಗ ಈ ಕಳಂಕ ಇಲ್ಲ.

‘ಮೃದು’ ಬಟ್ಟೆಗೂ ಸೈ, ಧ್ವನಿಗೂ ಸೈ, ಮನಸ್ಸಿಗೂ ಸೈ. ‘ಮೆತ್ತಗೆ’ ಹಾಗಲ್ಲ. ಹಾಸಿಗೆ ಮೆತ್ತಗಿದ್ದರೆ ಸಂತೋಷ. ಹಪ್ಪಳ ಮೆತ್ತಗಾದರೆ ತಿನ್ನಲು ಬರಲ್ಲ, ಆಸಾಮಿ ಮೆತ್ತಗಾದ ಅಂದರೆ ಸೋಲೊಪ್ಪಿಕೊಂಡ ಅಂತ.

‘ನವಿರು’ ಇನ್ನೂ ತೆಳುವಾದ ಪದ. ಹಳಗನ್ನಡದಲ್ಲಿ ನವಿರು ಅಂದರೆ ಕೂದಲು, ‘ನವಿರೇಳು’ ಅಂತ ಇಂದಿಗೂ ಉಳಿದಿದೆ. ಆದ್ದರಿಂದ ಎಳೆ ಕಾಣುವ ಕಡೆ ಅದು ಚೆಂದ: ನವಿರಾದ ರೇಷ್ಮೆ, ನವಿರಾದ ಹಾಸ್ಯ. ಮರದ ಬೊಂಬೆಗೆ ಹೊಂದುವುದಿಲ್ಲ.

‘ನಾಜೂಕು’ ಪಾರ್ಸಿಯಿಂದ ಬಂದದ್ದು. ಅದರಲ್ಲಿ ಚೆಂದದ ಜೊತೆ ‘ಬೇಗ ಮುರಿಯುತ್ತೆ, ಜೋಪಾನ’ ಅನ್ನೋದೂ ಸೇರಿದೆ. ‘ನಾಜೂಕಾದ ಬೊಂಬೆ, ಮಕ್ಕಳಿಗೆ ಸೂಕ್ತ’ ಅಂತ ಬರೆದಿರಲ್ಲ, ಮೊದಲರ್ಧ ಓದಿದ ತಾಯಿ ಎರಡನೇ ಅರ್ಧ ನಂಬುವುದಿಲ್ಲ. ಮನುಷ್ಯನಿಗೆ ಹಚ್ಚಿದರೆ ‘ನಾಜೂಕಯ್ಯ’ನಾಗುತ್ತಾನೆ, ಅದು ಲೇವಡಿ. ವಿಷಯಕ್ಕೆ ಹಚ್ಚಿದರೆ (ನಾಜೂಕಿನ ವಿಷಯ) ಎಚ್ಚರಿಕೆ. ಕೈಚಳಕದ ಕೆಲಸಕ್ಕೆ ಮಾತ್ರ ನಿಶ್ಚಿಂತೆಯಿಂದ ಬಳಸಬಹುದು.

ಇನ್ನು ಕೆಲಸ. ಒರಟು ಕೆಲಸಕ್ಕೆ ‘ಒಡ್ಡೊಡ್ಡು’ ಅಂತಲೂ ಅನ್ನುತ್ತೇವೆ. ಅದರ ಎದುರು ನಿಲ್ಲುವವು ನಾಲ್ಕೈದಿವೆ, ಅವನ್ನು ಬೆರೆಸಬಾರದು. ಅಚ್ಚುಕಟ್ಟು ಅಂದರೆ ಅಳತೆ ತಪ್ಪಿಲ್ಲ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಓರಣ ಅಂದರೆ ಜೋಡಿಸಿದ್ದು ಸಾಲು ತಪ್ಪಿಲ್ಲ. ಒಪ್ಪ ಅಂದರೆ ಕೊನೆಗೆ ಉಜ್ಜಿ ತಂದ ಹೊಳಪು. ಕುಸುರಿ ಅಂದರೆ ಸಣ್ಣ ಜಾಗದಲ್ಲಿ ಒತ್ತಾಗಿ ಮಾಡಿದ ಸೂಕ್ಷ್ಮ ಕೆಲಸ. ಕಪಾಟಿನಲ್ಲಿ ಸೀರೆ ಓರಣವಾಗಿರಬಹುದು, ಅಚ್ಚುಕಟ್ಟಾಗಿಯೂ ಇರಬಹುದು. ಅದರಲ್ಲಿ ಕುಸುರಿ ಏನೂ ಇಲ್ಲ. ‘ಬಿನ್ನಾಣ’ದ ತಂಟೆಗೆ ಹೋಗಬೇಡಿ. ಅದು ‘ವಿಜ್ಞಾನ’ದ ತದ್ಭವ, ಹಿಂದೆ ಕಲೆಗಾರಿಕೆಗೂ ಸಲ್ಲುತ್ತಿತ್ತು. ಈಗ ವಯ್ಯಾರಕ್ಕೆ ಮೀಸಲಾಗಿದೆ.

ಮಾತು, ನಡತೆಗೆ ನನ್ನ ಮೆಚ್ಚಿನ ಪದ ‘ಹದ’. ಮಣ್ಣಿಗೆ, ಪಾಕಕ್ಕೆ, ಚರ್ಮಕ್ಕೆ, ಮಾತಿಗೆ ಎಲ್ಲಕ್ಕೂ ಹದವಿದೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡ ನಾಡಿನವರು ‘ಪದನಱಿದು ನುಡಿಯಲುಂ’ ಬಲ್ಲವರು ಅಂತ ಬರುತ್ತದಲ್ಲ, ಆ ‘ಪದನ್’ ಪಕಾರ ಹಕಾರವಾಗಿ ನಮ್ಮ ‘ಹದ’ ಆಗಿರುವುದು. ಆದರೆ ಕೈಪಿಡಿಯಲ್ಲಿ ಬರೀ ‘ಹದವರಿತು ಮಾತಾಡಿ’ ಅಂತ ಬರೆದು ಬಿಟ್ಟರೆ ಹುಡುಗರಿಗೆ ಏನೂ ಸಿಕ್ಕ ಹಾಗಾಗುವುದಿಲ್ಲ. ಅದನ್ನು ವಾಕ್ಯವಾಗಿ ತೋರಿಸಬೇಕು. ಕೌಂಟರಿನ ಮಾತು ಬಲ್ಲವರು ಯಾರಾದರೂ ಬರೆಯಲಿ.

ಅರಗುಬಣ್ಣ

ಬೊಂಬೆ, ಬಿದರಿ ಎರಡಕ್ಕೂ ‘ನಯ’ ಬಿಟ್ಟು, ಕೆಲಸದಲ್ಲಿ ನಿಜವಾಗಿ ಆಗುವುದನ್ನೇ ಬರೆಯಿರಿ. ಚೀಟಿ ಓದಿದವರು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡಬಲ್ಲಂಥ ಪದ ಬೇಕು.

ಚನ್ನಪಟ್ಟಣದ್ದು ಹೆಚ್ಚಾಗಿ ಆಲೆ ಮರ. ಕಡಿದ ಮರ ಎರಡು ಮೂರು ತಿಂಗಳು ಚೆನ್ನಾಗಿ ಒಣಗಬೇಕು. ತುಂಡು ಮಾಡಿ, ಲೇತಿಗೆ ಹಾಕಿ, ಉಳಿಯಲ್ಲಿ ಆಕಾರ ತಂದು, ಸ್ಯಾಂಡ್ ಪೇಪರಿನಲ್ಲಿ ಉಜ್ಜುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ. ಕೊನೆಗೆ ಒಣ ತಾಳೆಗರಿ ಒತ್ತಿ ಎಳೆದರೆ ಅರಗು ಒಂದೇ ಸಮ ಹರಡಿ ಮಿರುಗುತ್ತೆ.

ಕೆಡುವುದು ಎಲ್ಲಿ? ಹಸಿ ಮರ ಬಳಸಿದರೆ ಮುಂದೆ ಮರ ಕುಗ್ಗಿ ಸೀಳು ಬರುತ್ತೆ, ಸೀಳಿನ ಅಂಚಿನಲ್ಲಿ ಅರಗು ಚಕ್ಕೆ ಏಳುತ್ತೆ. ಉಜ್ಜುವ ಕೆಲಸ ಅವಸರದಲ್ಲಿ ಮುಗಿಸಿದರೆ ಉಳಿಯ ಗೀರು ಸುತ್ತು ಸುತ್ತಾಗಿ ಹಾಗೇ ಉಳಿದು, ಅರಗು ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೊತ್ತಾಗುತ್ತೆ. ಅಂದರೆ ಹೊಳಪು ಬೇರೆ, ನುಣುಪು ಬೇರೆ. ಒರಟು ಬೊಂಬೆಯೂ ಹೊಳೆಯಬಹುದು. ಚೀಟಿಗೆ: ‘ಮೈ ನುಣುಪು, ಅಂಚು ದುಂಡು. ಅರಗಿನ ಬಣ್ಣ, ತಾಳೆಗರಿಯ ಒಪ್ಪ.’ ‘ಅಂಚು ದುಂಡು’ ಅನ್ನೋದು ಮಕ್ಕಳ ಸಾಮಾನಿಗೆ ಯಾವ ‘ನಯ’ಕ್ಕಿಂತಲೂ ಹೆಚ್ಚು ಭರವಸೆ ಕೊಡುತ್ತೆ.

ಬಿದರಿಯಲ್ಲಿ ‘ನಯವಾದ ಕೆತ್ತನೆ’ ಅನ್ನೋದು ಎರಡು ಬೇರೆ ಗುಣಗಳನ್ನು ಒಂದೇ ಪದಕ್ಕೆ ತುರುಕಿದೆ. ಲೋಹ ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕದ ಮೈಯನ್ನು ಅರದಲ್ಲಿ ಉಜ್ಜಿ, ಗೀರು ಕಾಣಲಿ ಅಂತ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಚಿತ್ರ ಗೀಚಿ, ಉಳಿಯಲ್ಲಿ ಕೊರೆದು, ಕೊರೆದ ಕಾಲುವೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಮತ್ತೆ ಉಜ್ಜಿ ಸಮ ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ್ದನ್ನು ಬಿಸಿಯಲ್ಲಿ ಹಚ್ಚಿದಾಗ ಲೋಹ ಮಾತ್ರ ಗಾಢ ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ.

ಇಲ್ಲಿ ಬಳ್ಳಿ, ಹೂವು ಎಷ್ಟು ಸೂಕ್ಷ್ಮ ಅನ್ನೋದಕ್ಕೆ ‘ಕುಸುರಿ’. ಬೆಳ್ಳಿ ಲೋಹಕ್ಕೆ ಎಷ್ಟು ಸಮನಾಗಿ ಕೂತಿದೆ ಅನ್ನೋದಕ್ಕೆ ‘ನುಣುಪು’. ಎರಡನೆಯದನ್ನು ಉಗುರಿನಿಂದ ನೋಡಬಹುದು: ಕಪ್ಪಿನಿಂದ ಬೆಳ್ಳಿಗೆ ಉಗುರು ಎಳೆದರೆ ತಡೆಯಬಾರದು. ತಡೆದರೆ ತಂತಿ ಪೂರ್ತಿ ಕೂತಿಲ್ಲ, ಮುಂದೆ ಒರೆಸುವ ಬಟ್ಟೆಗೆ ಸಿಕ್ಕಿ ಎದ್ದು ಬರುತ್ತೆ. ‘ಕಪ್ಪು ಲೋಹದಲ್ಲಿ ಬೆಳ್ಳಿಯ ಕುಸುರಿ’ ಅಂತ ಬರೆಯಿರಿ. ಬರೀ ‘ಕೆತ್ತನೆ’ ಅಂದರೆ ಬೆಳ್ಳಿಯ ಸುದ್ದಿಯೇ ಬರಲಿಲ್ಲ.

ಧಾರವಾಡದಾರ

ನಾ ಕಸೂತಿ ಚೀಟಿ ಬಗ್ಗೆ ಅಷ್ಟ ಹೇಳ್ತೇನ್ರಿ. ‘ನಯವಾದ ಕಸೂತಿ’ ಅನ್ನೂದಕ್ಕ ಅರ್ಥನ ಇಲ್ಲ. ಕಸೂತಿ ಮ್ಯಾಲ ಕೈ ಆಡಿಸಿದ್ರ ದಾರ ಕೈಗೆ ಹತ್ತತದ, ಹತ್ತಬೇಕು. ಅಲ್ಲಿ ನೋಡೂದು ನುಣುಪಲ್ಲ, ಎಣಿಕಿ. ಅದಕ್ಕ ಹೊಂದೂ ಪದ ‘ಅಚ್ಚುಕಟ್ಟು’.

ಹೊಲಿಗಿ ನಾಕು: ಗಾವಂತಿ, ಮುರ್ಗಿ, ನೇಗಿ, ಮೆಂತಿ. ಗಾವಂತಿ ಅಂದ್ರ ಒಂದು ಬಿಟ್ಟು ಒಂದು ಹಾಕ್ಕೋತ ಮುಂದ ಹೋಗಿ, ಬಿಟ್ಟ ಜಾಗಾ ತುಂಬಕೋತ ಅದ ದಾರಿಲೆ ತಿರಗಿ ಬರೂದು. ಮುರ್ಗಿನೂ ಹಂಗ, ಆದ್ರ ಮೆಟ್ಟಲಾ ಏರಿಧಾಂಗ ಹೋಗತದ. ಇವೆರಡೂ ಮುಂದ ಹಿಂದ ಒಂದ ನಮೂನಿ ಕಾಣಬೇಕು. ನೇಗಿ ನೋಡಾಕ ನೇಯ್ದಂಗ ಇರತದ, ಮೆಂತಿ ಗುಣಾಕಾರ ಚಿಹ್ನೆ ಹಂಗ ಒಂದರ ಮ್ಯಾಲೊಂದು ದಾಟತದ. ಈ ಎರಡಕ್ಕ ಹಿಂಬದಿ ಬ್ಯಾರೆ ಇದ್ರ ತಪ್ಪಲ್ಲ.

ಗಂಟು ಹಾಕಂಗಿಲ್ಲ. ಸುರು ಮಾಡೂ ಮುಂದ ದಾರದ ತುದಿ ಹೊಲಿಗಿ ಬುಡಕ ಸೇರಿಸಿ ಮುಚ್ಚಿಬಿಡ್ತಾರ. ಹಿಂದ ಗಂಟು ಕಂಡ್ರ ಅದು ಅವಸರದ ಕೆಲಸ. ಬಟ್ಟಿ ಮ್ಯಾಲ ಚಿತ್ರ ಬರಕೊಳ್ಳಂಗಿಲ್ಲ, ಎಳಿ ಎಣಿಸೇ ಹಾಕಬೇಕು. ಎಳಿ ಎಣಿಸಾಕ ಆಗದಂಥ ಒತ್ತು ಬಟ್ಟಿ ಇದ್ರ ಮ್ಯಾಲ ಜಾಳಿಗಿ ಬಟ್ಟಿ ಇಟ್ಟು ಹೊಲದು, ಆಮ್ಯಾಲ ಜಾಳಿಗಿ ಎಳಿ ಒಂದೊಂದ ಜಗ್ಗಿ ತಗೀತಾರ.

ತಪ್ಪು ಎಲ್ಲಿ ಆಗತದ ಅಂದ್ರ, ಹೋಗೂ ಮುಂದ ಒಂದು ಎಳಿ ಹೆಚ್ಚುಕಡಿಮಿ ಎಣಿಸಿದ್ರ ಆಗ ಗೊತ್ತಾಗಂಗಿಲ್ಲ. ತಿರಗಿ ಬರೂ ಮುಂದ ಗೋಪುರದ ತುದಿ ಕೂಡಂಗಿಲ್ಲ, ತೇರಿನ ಗಾಲಿ ಮುಚ್ಚಂಗಿಲ್ಲ. ಅಲ್ಲಿ ತನಕ ಬಿಚ್ಚಿ ಮತ್ತ ಹಾಕಬೇಕು, ನಡುವ ತಿದ್ದಾಕ ಬರಂಗಿಲ್ಲ. ಇನ್ನೊಂದು, ದಾರ ಬಿಗಿ ಜಗ್ಗಿದ್ರ ಬಟ್ಟಿ ಸುಕ್ಕ ಬೀಳತದ. ಇಸ್ತ್ರಿ ಹಾಕಿದ್ರೂ ಆ ಸುಕ್ಕ ಹೋಗಂಗಿಲ್ಲ.

ಚೀಟಿ ಹಿಂಗ ಬರೀರಿ: ‘ಎಳೆ ಎಣಿಸಿ ಕೈಯಲ್ಲಿ ಹಾಕಿದ ಕಸೂತಿ. ಗಾವಂತಿ, ಮುರ್ಗಿ ಹೊಲಿಗೆ. ಹಿಂಬದಿಯಲ್ಲೂ ಗಂಟಿಲ್ಲ.’ ಓದಿದವ್ರು ಸೆರಗು ತಿರುವಿ ನೋಡೇ ನೋಡ್ತಾರ. ಮಷೀನ್ ಕಸೂತಿಗೂ ಇದಕ್ಕೂ ಫರಕ ಅಲ್ಲೇ ತಿಳೀತದ. ನೇಗಿ, ಮೆಂತಿ ಇದ್ದ ಸೀರಿಗೆ ಮಾತ್ರ ‘ಎರಡೂ ಬದಿ ಒಂದೇ’ ಅಂತ ಬರಿಬ್ಯಾಡ್ರಿ, ಸುಳ್ಳಾಗತದ.

ಗಲ್ಲಾಪಕ್ಕ

ಕೈಪಿಡಿಗೆ ಬರ್ತೀನಿ. ಮೊದಲು ನಾಲ್ಕು ದೊಡ್ಡ ಪದ ಬೇರ್ಪಡಿಸಿ.

ಸಭ್ಯತೆ ಕನಿಷ್ಠ ಗೆರೆ. ‘ಸಭೆ’ಯಲ್ಲಿ ಸಲ್ಲುವುದು ಸಭ್ಯ. ಅದು ಇದ್ದರೆ ಯಾರೂ ಹೊಗಳಲ್ಲ, ಇಲ್ಲದಿದ್ದರೆ ಜಗಳ. ಸೌಜನ್ಯ ಆ ಗೆರೆಗಿಂತ ಮೇಲೆ, ಕೇಳದೆಯೇ ಕೊಡುವುದು: ವಯಸ್ಸಾದವರಿಗೆ ಕುರ್ಚಿ ಎಳೆದು ಕೊಡುವುದು, ಬೇಡ ಅಂದಾಗಲೂ ಮುಖ ಗಂಟು ಹಾಕದೆ ಸೀರೆ ಮಡಿಚುವುದು. ವಿನಯ ತನ್ನನ್ನು ತಾನು ತಗ್ಗಿಸಿಕೊಳ್ಳುವುದು. ಸಿಬ್ಬಂದಿಯಿಂದ ಸೌಜನ್ಯ ಕೇಳಿ, ವಿನಯ ಕೇಳಬೇಡಿ. ಸಂಬಳ ಕೊಟ್ಟು ವಿನಯ ಕೇಳಿದರೆ ಹಲ್ಲುಗಿಂಜುವುದೇ ಬರೋದು. ಶಿಷ್ಟಾಚಾರ ಅಂದರೆ ಮಂತ್ರಿ ಬಂದಾಗ ಯಾರು ಮೊದಲು ಹಾರ ಹಾಕಬೇಕು ಅನ್ನುವಂಥದ್ದು, ಅಂಗಡಿಗೆ ಸಂಬಂಧವಿಲ್ಲ. ‘ಮರ್ಯಾದೆ’ಯಂತೂ ಕೈಪಿಡಿಗೆ ಬರಲೇಬಾರದು. ‘ಮರ್ಯಾದೆಯಿಂದ ಮಾತಾಡಿ’ ಅಂತ ಕನ್ನಡದಲ್ಲಿ ಹೇಳುವುದು ಜಗಳ ಅರ್ಧ ಮುಗಿದ ಮೇಲೆ.

ಇನ್ನು ಬಾಯಿಮಾತು. ಕನ್ನಡದಲ್ಲಿ ಗೌರವ ಇರುವುದು ಕ್ರಿಯಾಪದದ ಬಾಲದಲ್ಲಿ. ‘ದಯವಿಟ್ಟು’ ಬೋರ್ಡಿಗೆ, ಪತ್ರಕ್ಕೆ, ಮೈಕಿಗೆ ಸರಿ. ಎದುರು ನಿಂತವರಿಗೆ ‘ದಯವಿಟ್ಟು ಈ ಕಡೆ ಬನ್ನಿ’ ಅಂದರೆ ಮರವಾಗಿ ಕೇಳುತ್ತೆ. ‘ಈ ಕಡೆ ಬನ್ನಿ ಸರ್’ ಸಾಕು. ಇನ್ನೂ ಹಗುರ ಬೇಕಿದ್ದರೆ ‘ಸ್ವಲ್ಪ’ ಸೇರಿಸಿ, ಇಲ್ಲವೇ ಆಜ್ಞೆಯನ್ನು ಪ್ರಶ್ನೆ ಮಾಡಿ: ‘ಸ್ವಲ್ಪ ಈ ಕಡೆ ಬರ್ತೀರಾ?’ ತಾನು ಮಾಡುವ ಕೆಲಸಕ್ಕೆ ‘-ಲಾ’ ಹಚ್ಚಿ: ತೋರಿಸಲಾ, ತೆಗೆದುಕೊಡಲಾ.

ಕೌಂಟರಿನಲ್ಲಿ ದಿನವೂ ಕೆಡುವ ಮಾತುಗಳು ಇವು:

‘ಏನ್ ಬೇಕು?’ ಅನ್ನೋದು ಬಾಗಿಲಲ್ಲಿ ತಡೆದ ಹಾಗೆ. ‘ಬನ್ನಿ, ಏನು ತೋರಿಸಲಿ?’ ಅನ್ನಿ.

‘ಎಷ್ಟರೊಳಗೆ ಬೇಕು?’ ಅಂದರೆ ಜೇಬಿಗೆ ಕೈ ಹಾಕಿದ ಹಾಗೆ. ಎರಡು ಬೆಲೆಯವನ್ನು ಎದುರಿಗೆ ಇಟ್ಟು ‘ಇವೆರಡರಲ್ಲಿ ಯಾವ ಥರದ್ದು ತೆಗೀಲಿ?’ ಅಂತ ಕೇಳಿದರೆ ಬೆಲೆ ತಾನೇ ಗೊತ್ತಾಗುತ್ತೆ.

‘ಇಲ್ಲ’ ಅಂತ ಒಂಟಿ ಪದ ಬೇಡ. ‘ಆ ಬಣ್ಣ ಖಾಲಿಯಾಗಿದೆ, ಇದರಲ್ಲಿ ಹಸಿರು ಇದೆ, ನೋಡ್ತೀರಾ?’

‘ಅದು ನಿಮಗೆ ಆಗಲ್ಲ’ ಅನ್ನೋದು ಅಳತೆಯ ಮಾತಾದರೂ ಗಿರಾಕಿಯ ಮೈಯ ಮೇಲೋ ಬೆಲೆಯ ಮೇಲೋ ಹೋಗಿ ಬೀಳುತ್ತೆ. ‘ಇದಕ್ಕಿಂತ ದೊಡ್ಡ ಅಳತೆಯಲ್ಲಿ ಇನ್ನೊಂದಿದೆ’ ಅನ್ನಿ.

‘ನಾನು ಹೇಳಿದ್ನಲ್ಲ’, ‘ಆಗಲೇ ಹೇಳ್ದೆ’: ಇಂಥ ವಾಕ್ಯ ಪೂರ್ತಿ ತೆಗೆದುಹಾಕಿ. ಎರಡನೇ ಸಲ ಕೇಳಿದರೆ ಎರಡನೇ ಸಲ ಹೇಳುವುದು, ಅಷ್ಟೇ.

ನೀವು, ತಾವು ಕಲಸಬೇಡಿ. ‘ತಾವು ಕೂತ್ಕೊಳ್ಳಿ, ನಿಮಗೆ ತೋರಿಸ್ತೀನಿ’ ಅಂತ ಒಂದೇ ಉಸಿರಿನಲ್ಲಿ ಬಂದರೆ ಗೌರವ ನಾಟಕವಾಗುತ್ತೆ. ಅಂಗಡಿಗೆ ‘ನೀವು’ ಸಾಕು. ಜೊತೆಗೆ ಬಂದ ಹದಿಹರೆಯದವರಿಗೂ ‘ನೀವು’. ಚಿಕ್ಕ ಮಗುವಿಗೆ ‘ನೀನು’ ಅಂದರೇ ಪ್ರೀತಿ. ಕರೆಯುವಾಗ ಸರ್, ಮೇಡಂ, ಅಮ್ಮ, ಅಕ್ಕ, ಅಣ್ಣ ಯಾವುದೂ ನಡೆಯುತ್ತೆ. ‘ಆಂಟಿ’ ಮಾತ್ರ ಬೇಡ, ನಲವತ್ತು ದಾಟಿದವರಿಗೂ ಬೇಡ.

ಊರು ಬದಲಾದರೆ ಕಿವಿಯೂ ಬದಲಾಗುತ್ತೆ, ಇದನ್ನು ಕೈಪಿಡಿಯಲ್ಲಿ ಸೇರಿಸಲೇಬೇಕು. ಮೈಸೂರು ಕಡೆ ಅಪರಿಚಿತರಿಗೆ ‘ಏನ್ರೀ’ ಅಂದರೆ ಸವಾಲು. ಹುಬ್ಬಳ್ಳಿ, ಕಲಬುರಗಿ ಕಡೆ ‘ಬರ್ರಿ, ಕುಂದರ್ರಿ, ನೋಡ್ರಿ’ ಅಂತ ಪ್ರತಿ ಕ್ರಿಯಾಪದಕ್ಕೂ ‘ರಿ’ ಬರಲೇಬೇಕು, ಅಲ್ಲಿ ಗೌರವದ ಭಾರವೆಲ್ಲ ಅದರ ಮೇಲೆ. ಬೆಂಗಳೂರಿನ ಹುಡುಗನಿಗೆ ಆ ಕಡೆಯ ಗಟ್ಟಿ ದನಿ ಒರಟು ಅನಿಸಬಹುದು. ಅವನು ದನಿ ಕೇಳುತ್ತಿದ್ದಾನೆ, ‘ರಿ’ ಕೇಳುತ್ತಿಲ್ಲ. ಮಂಗಳೂರಿನವರು ‘ಮಾರಾಯ್ರೆ’ ಅಂದರೆ ಸಲಿಗೆ, ಸಿಟ್ಟಲ್ಲ.

ಕೊನೆಗೆ ಆ ಬೋರ್ಡು. ‘ದಯವಿಟ್ಟು’ ಅಂದರೆ ಬೇಡಿಕೆ, ‘ನಿಷೇಧಿಸಲಾಗಿದೆ’ ಅಂದರೆ ಆಜ್ಞೆ. ಎರಡೂ ಒಂದೇ ವಾಕ್ಯದಲ್ಲಿ ನಿಲ್ಲುವುದಿಲ್ಲ. ಕನ್ನಡದಲ್ಲಿ ತಡೆಯುವುದಕ್ಕೆ ಮೆಟ್ಟಿಲುಗಳಿವೆ: ಮುಟ್ಟಬೇಡಿ, ಮುಟ್ಟಬಾರದು, ಮುಟ್ಟಕೂಡದು, ನಿಷೇಧಿಸಲಾಗಿದೆ. ಮೇಲಕ್ಕೆ ಹೋದಷ್ಟೂ ಹೇಳುವವರ ಮುಖ ಮರೆಯಾಗಿ ಸರ್ಕಾರ ಕಾಣುತ್ತೆ. ಅಂಗಡಿಗೆ ಮೊದಲನೆಯದೇ ಹೆಚ್ಚು. ‘ಹತ್ತಿರದಿಂದ ನೋಡಬೇಕಾದರೆ ಹೇಳಿ, ತೆಗೆದುಕೊಡುತ್ತೇವೆ’ ಅಂತ ಬರೆದರೆ ಮುಟ್ಟುವವರು ತಾವಾಗಿಯೇ ನಿಲ್ಲುತ್ತಾರೆ.

ಪ್ರತ್ಯಯಪ್ರೇಮಿ

ಯಾರೂ ‘ಸೌಜನ್ಯತೆ’ ಹಿಡಿಯಲಿಲ್ಲ! ಸುಜನ → ಸೌಜನ್ಯ. ಗುಣ ಅನ್ನುವ ಅರ್ಥ ಅಲ್ಲಿಗೇ ಬಂತು, ಮೇಲೆ ‘ತೆ’ ಹಚ್ಚಿದರೆ ಗುಣದ ಗುಣ. ಗುರುತು ಸುಲಭ: ಮೊದಲಕ್ಷರ ಹಿಗ್ಗಿ (ಅ→ಆ, ಉ→ಔ, ಋ→ಆರ್), ಕೊನೆಗೆ ‘ಯ’ ಅಥವಾ ‘ವ’ ಬಂದು ನಾಮಪದವಾಗಿದ್ದರೆ ‘ತೆ’ ಬೇಡ. ಮಧುರ–ಮಾಧುರ್ಯ, ಲಲಿತ–ಲಾಲಿತ್ಯ, ಉಚಿತ–ಔಚಿತ್ಯ, ಸುಕುಮಾರ–ಸೌಕುಮಾರ್ಯ, ಮೃದು–ಮಾರ್ದವ. ಹಿಗ್ಗದೆ ಉಳಿದವಕ್ಕೆ ‘ತೆ’ ಬೇಕು: ಸಭ್ಯತೆ, ನಮ್ರತೆ, ಶಿಷ್ಟತೆ. ‘ಸೌಮ್ಯ’ ನೋಡಲು ಹಿಗ್ಗಿದ ಹಾಗಿದ್ದರೂ ಅದು ವಿಶೇಷಣ, ಆದ್ದರಿಂದ ‘ಸೌಮ್ಯತೆ’ ಸರಿ.

ಇದರ ಇನ್ನೊಂದು ಮಗ್ಗುಲು: ‘ಸೌಜನ್ಯ ವ್ಯಕ್ತಿ’ ಅಂತ ಬರೆಯಲು ಬರುವುದಿಲ್ಲ. ‘ಸೌಜನ್ಯದ ವ್ಯಕ್ತಿ’ ಅನ್ನಿ, ಇಲ್ಲವೇ ನೇರವಾಗಿ ‘ಸಜ್ಜನ’.

ಕಂಬಳಿಗಡಿ

ಎಲ್ಲರೂ ಒರಟನ್ನು ಓಡಿಸುವ ಉತ್ಸಾಹದಲ್ಲಿದ್ದೀರಿ. ಕಂಬಳಿಯ ಚೀಟಿಗೆ ‘ಮೃದುವಾದ ಕಂಬಳಿ’ ಅಂತ ಬರೆದು ಕೆಡಿಸಬೇಡಿ. ನಮ್ಮ ದಖನಿ ಕುರಿಯ ಉಣ್ಣೆಯೇ ಒರಟು. ಕಂಬಳಿ ಚುಚ್ಚುತ್ತೆ, ಬಾಳಿಕೆ ಬರುತ್ತೆ, ತುಂತುರು ಮಳೆ ತಡೆಯುತ್ತೆ. ಮುಟ್ಟಿ ಮೃದುವಾಗಿದ್ದರೆ ಬೇರೆ ನೂಲು ಬೆರೆತಿದೆ ಅಂತ ಹಳಬರು ಅನುಮಾನ ಪಡುತ್ತಾರೆ. ‘ಒತ್ತಾಗಿ ನೇಯ್ದ ಕುರಿ ಉಣ್ಣೆ. ಚುಚ್ಚುವುದು ಸಹಜ, ಒಳಗೆ ಹತ್ತಿ ಬಟ್ಟೆ ಹಾಕಿ ಹೊದೆಯಿರಿ’ ಅಂತ ನೇರವಾಗಿ ಹೇಳಿ. ಬೀಸುಕಲ್ಲಿಗೂ ಇದೇ ಮಾತು. ಕಲ್ಲಿನ ಮೈ ಸವೆದು ನುಣ್ಣಗಾದರೆ ಕಾಳು ಜಾರುತ್ತೆ, ಹಿಟ್ಟಾಗಲ್ಲ. ಉಳಿಯಿಂದ ಮತ್ತೆ ಸಣ್ಣ ಸಣ್ಣ ಕಚ್ಚು ಹೊಡೆಸಿ ಒರಟು ಮಾಡಿಸಲೇಬೇಕು.

ಖಾದಿಗೂ ‘ನಯ’ ಬೇಡ, ನೂಲಿನ ನಂಬರ್ ಬರೆಯಿರಿ. ಹತ್ತಿ ನೂಲಿನಲ್ಲಿ 840 ಗಜದ ಲಡಿ ಎಷ್ಟು ಸೇರಿದರೆ ಒಂದು ಪೌಂಡ್ ತೂಗುತ್ತೋ ಅದು ನಂಬರ್. 40ಕ್ಕಿಂತ 100 ತೆಳು. ಕೈಯಲ್ಲಿ ನೂತದ್ದು ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ದಪ್ಪ ಎಳೆ ಸಿಗುತ್ತೆ. ಅದನ್ನೂ ಬರೆಯದಿದ್ದರೆ ‘ನಯವಾದ ಖಾದಿ’ ಅಂತ ನಂಬಿ ಕೊಂಡವರು ಆ ದಪ್ಪ ಎಳೆ ತೋರಿಸಿಕೊಂಡು ವಾಪಸ್ ತರುತ್ತಾರೆ.

ಮಳಿಗೆಬರಹ

ಎಲ್ಲರಿಗೂ ಧನ್ಯವಾದ. ತಿದ್ದಿದ ಕರಡು ನೋಡಿ:

– ಚನ್ನಪಟ್ಟಣದ ಮರದ ಬೊಂಬೆ. ಮೈ ನುಣುಪು, ಅಂಚು ದುಂಡು. ಅರಗಿನ ಬಣ್ಣ, ತಾಳೆಗರಿಯ ಒಪ್ಪ.
– ಇಳಕಲ್ ಸೀರೆ. ಎಳೆ ಎಣಿಸಿ ಕೈಯಿಂದ ಹಾಕಲ್ಪಟ್ಟ ಕಸೂತಿ. ಹಿಂಬದಿಯಲ್ಲೂ ಗಂಟಿಲ್ಲ.
– ಬಿದರಿ ಹೂಜಿ. ಕಪ್ಪು ಲೋಹದಲ್ಲಿ ನಾಜೂಕಾದ ಬೆಳ್ಳಿ ಕುಸುರಿ.
– ಖಾದಿ, 60 ನಂಬರ್ ನೂಲು. ಕೈಯಲ್ಲಿ ನೂತದ್ದು, ಅಲ್ಲಲ್ಲಿ ದಪ್ಪ ಎಳೆ ಇರುತ್ತದೆ.
– ಕುರಿ ಉಣ್ಣೆಯ ಕಂಬಳಿ. ಒತ್ತು ನೇಯ್ಗೆ. ಚುಚ್ಚುವುದು ಸಹಜ.
– ಗಿರಾಕಿಗಳ ಜೊತೆ ಸೌಜನ್ಯದಿಂದ ಮಾತಾಡಿ. (ಕೆಳಗೆ ಗಲ್ಲಾಪಕ್ಕ ಅವರ ಉದಾಹರಣೆಗಳು)
– ಹತ್ತಿರದಿಂದ ನೋಡಬೇಕಾದರೆ ಹೇಳಿ, ತೆಗೆದುಕೊಡುತ್ತೇವೆ.

ಬಿದರಿಗೆ ‘ನಾಜೂಕು’ ಉಳಿಸಿದ್ದೇನೆ, ಕೈಚಳಕದ ಕೆಲಸಕ್ಕೆ ನಡೆಯುತ್ತೆ ಅಂದಿದ್ದಿರಲ್ಲ?

ಕರಡುಕೋಲು

ನಡೆಯುತ್ತೆ, ಆದರೆ ಇಲ್ಲಿ ದಂಡ. ‘ಕುಸುರಿ’ ಅಂದಮೇಲೆ ಸೂಕ್ಷ್ಮ ಅನ್ನೋದು ಅದರೊಳಗೇ ಬಂತು, ಮೇಲಾಗಿ ಲೋಹದ ಪಾತ್ರೆ ಮುರಿಯುತ್ತೇನೋ ಅಂತ ಓದುವವರಿಗೆ ಅಳುಕು. ತೆಗೆದುಬಿಡಿ. ಉಳಿದ ಜಾಗದಲ್ಲಿ ‘ಹುಣಸೆಹಣ್ಣು, ನಿಂಬೆಹುಳಿ ಹಾಕಿ ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿ’ ಅಂತ ಬರೆಯಿರಿ. ಹಿತ್ತಾಳೆ ಪಾತ್ರೆ ತಿಕ್ಕುವ ರೂಢಿಯಲ್ಲಿ ಇದಕ್ಕೂ ಹುಳಿ ಹಚ್ಚಿದರೆ ಕಪ್ಪು ಹೋಗುತ್ತೆ.

ಕಸೂತಿ ಚೀಟಿಯಲ್ಲಿ ‘ಹಾಕಲ್ಪಟ್ಟ’ ಇನ್ನೂ ಕೂತಿದೆ. ‘ಕೈಯಲ್ಲಿ ಹಾಕಿದ ಕಸೂತಿ’ ಅಂತ ಮಾಡಿ. ಖಾದಿಗೆ 60 ಅಂತ ಅಚ್ಚು ಹಾಕಿಸುವ ಮೊದಲು ಥಾನಿನ ಮೇಲಿನ ನಂಬರ್ ನೋಡಿಕೊಳ್ಳಿ. ಹಾಸಿನ (ಉದ್ದಕ್ಕೆ ಬರುವ) ನೂಲು ಒಂದು ನಂಬರಿನದು, ಹೊಕ್ಕಿನದು (ಅಡ್ಡಕ್ಕೆ ಬರುವುದು) ಇನ್ನೊಂದು ಇದ್ದರೆ ಎರಡನ್ನೂ ಬರೆಯಬೇಕಾಗುತ್ತೆ.